ಭಾನುವಾರ ಕೆರೆ ದಂಡೆಗೆ ಬನ್ನಿ

ಗೆಳೆಯರೇ, ಅಮ್ಮ ಹೋದ ಮೇಲೆ ಎರಡು ತಿಂಗಳು ನಾನು ಕುಂಚ ಮುಟ್ಟಿರಲಿಲ್ಲ. ಬಣ್ಣದ ಟ್ಯೂಬುಗಳ ಬಾಯಿ ಒಣಗಿ ಗಟ್ಟಿಯಾಗಿತ್ತು. ನಿನ್ನೆ ರಾತ್ರಿ ಸುಮ್ನೆ ಕೂತು ಫ್ರೆಂಚ್ ಚಿತ್ರಕಾರ ಮೋನೆಯ ಚಳಿಗಾಲದ ಚಿತ್ರಗಳನ್ನು ನೋಡಿದೆ.

1879ರ ಸೆಪ್ಟೆಂಬರ್‌ನಲ್ಲಿ, ಫ್ರಾನ್ಸಿನ ವೆತೇಯ್ ಊರಲ್ಲಿ, ಅವರ ಹೆಂಡತಿ ಕಮೀಲ್ ತೀರಿಕೊಂಡರು. ಬರೀ 32 ವರ್ಷ. ಆ ಚಳಿಗೆ ಸೇನ್ ನದಿಯೇ ಹೆಪ್ಪುಗಟ್ಟಿತು. ಜನವರಿಯಲ್ಲಿ ಮಂಜುಗಡ್ಡೆ ಒಡೆದು ತೇಲತೊಡಗಿದಾಗ ಮೋನೆ ಚಿತ್ರದ ಮೇಲೆ ಚಿತ್ರ ಬಿಡಿಸಿದರು. ಬೂದು ನೀರು, ಬಿಳಿ ಚೂರುಗಳು, ನಡುವೆ ಎಲ್ಲೋ ಒಂದೆಳೆ ಗುಲಾಬಿ. ಆ ಗುಲಾಬಿ ನೋಡಿ ನನ್ನ ಕಣ್ಣು ತುಂಬಿತು.

ಈ ಭಾನುವಾರ ಬೆಳಿಗ್ಗೆ 6:30ಕ್ಕೆ ಕೆರೆ ದಂಡೆಯಲ್ಲಿರುತ್ತೇನೆ. ಮಂಜು ಕರಗುವ ಮೊದಲೇ ಶುರು ಮಾಡೋಣ, ಅಲ್ವಾ? ಸ್ವೆಟರ್ ಮರೀಬೇಡಿ. ಯಾರ ಹತ್ರ ಬಿಳಿ ಬಣ್ಣ ಜಾಸ್ತಿ ಇದ್ದರೆ ನನಗೂ ಸ್ವಲ್ಪ ತನ್ನಿ.