ಟೀಮ್ ಲಿಸ್ಟ್ ಹೊರಗೆ ಕಳಿಸಬೇಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 7ಕ್ಕೆ ಸೆಮಿಫೈನಲ್, 6:30ಕ್ಕೆ ಗ್ರೌಂಡಲ್ಲಿ ಇರಿ. ಅದಕ್ಕೂ ಮುಂಚೆ ಇದನ್ನು ಓದಿ, ಸ್ಕೋರ್ ಬರೆಯುವವರು, ಅಂಪೈರ್‌ಗಳು ಕೂಡ.

ನಿನ್ನೆ ರಾತ್ರಿ ನಮ್ಮ ಇಬ್ಬರು ಹುಡುಗರಿಗೆ ಗೊತ್ತಿಲ್ಲದ ನಂಬರ್‌ನಿಂದ ಮೆಸೇಜ್ ಬಂದಿದೆ. "ಬ್ರೋ, ಭಾನುವಾರ ಓಪನಿಂಗ್ ಯಾರು? ಮೊದಲ ಓವರ್ ಯಾರದು?" ಕೊನೆಗೆ ಕೈಮುಗಿಯುವ ಇಮೋಜಿ ಬೇರೆ. ಟೆನಿಸ್ ಬಾಲ್ ಮ್ಯಾಚಿಗೆ ಯಾರಪ್ಪ ಬೆಟ್ ಕಟ್ತಾರೆ ಅಂತ ನಗಬೇಡಿ, ಕಟ್ತಾರೆ.

ಬಾಂಗ್ಲಾದೇಶದ ಕ್ರಿಕೆಟಿಗ ಶಕೀಬ್ ಅಲ್ ಹಸನ್ ಕೇಸ್ ನೆನಪಿದೆ ಅಲ್ವಾ? 2018ರ ಐಪಿಎಲ್ ವೇಳೆ ಬುಕಿಯೊಬ್ಬ ವಾಟ್ಸಾಪಲ್ಲಿ ಕೇಳಿದ್ದೂ ಹೀಗೇ, ಇವತ್ತು ಇಂಥ ಆಟಗಾರ ಆಡ್ತಾನಾ ಅಂತ. ಶಕೀಬ್ ಮ್ಯಾಚ್ ಫಿಕ್ಸ್ ಮಾಡಿದರು ಅಂತ ಐಸಿಸಿ ಹೇಳಲಿಲ್ಲ, ಆದರೆ ಹೀಗೆ ಸಂಪರ್ಕಿಸಿದ್ದನ್ನು ತಿಳಿಸಲಿಲ್ಲ ಅನ್ನೋದಕ್ಕೇ 2019ರಲ್ಲಿ 2 ವರ್ಷ ನಿಷೇಧ, ಅದರಲ್ಲಿ 1 ವರ್ಷ ಷರತ್ತಿನ ಮೇಲೆ ತಡೆಹಿಡಿದದ್ದು. ನಮ್ಮ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕಥೆಯೂ ಗೊತ್ತು: ಅದೇ ವರ್ಷ ಫಿಕ್ಸಿಂಗ್ ಆರೋಪದಲ್ಲಿ ಸಿಸಿಬಿ (ಬೆಂಗಳೂರು ಪೊಲೀಸರ ಅಪರಾಧ ವಿಭಾಗ) ಬಂಧನಗಳು, ಆಮೇಲೆ ಆ ಹೆಸರಲ್ಲಿ ಟೂರ್ನಿಯೇ ನಡೆಯಲಿಲ್ಲ. ಮ್ಯಾಚ್ ಫಿಕ್ಸಿಂಗ್ ಐಪಿಸಿ 420ಕ್ಕೆ, ಅಂದ್ರೆ ವಂಚನೆಯ ಕಲಮಿಗೆ, ಬರಲ್ಲ ಅಂತ 2022ರಲ್ಲಿ ಹೈಕೋರ್ಟ್ ಕೇಸ್ ರದ್ದು ಮಾಡಿತು, ಅದು ಬೇರೆ ಮಾತು.

ಹಾಗಾಗಿ ಟಾಸ್‌ವರೆಗೂ ಹನ್ನೊಂದರ ಲಿಸ್ಟ್ ಯಾರಿಗೂ ಕಳಿಸಬೇಡಿ, ಸ್ಟೇಟಸ್‌ಗೂ ಹಾಕಬೇಡಿ. ಅಂಥ ಮೆಸೇಜ್ ಬಂದರೆ ಉತ್ತರ ಕೊಡದೆ, ಡಿಲೀಟ್ ಮಾಡದೆ, ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ, ಆಮೇಲೆ ಬ್ಲಾಕ್ ಮಾಡಿ. ಈಗಾಗಲೇ ಸುಮ್ನೆ ಏನಾದರೂ ಹೇಳಿಬಿಟ್ಟಿದ್ದರೆ ಹೆದರದೆ ಪರ್ಸನಲ್ ಆಗಿ ತಿಳಿಸಿ, ಬೈಯಲ್ಲ.

ಓದಿದವರು ಶುಕ್ರವಾರ ರಾತ್ರಿಯೊಳಗೆ "ಸರಿ" ಅಂತ ಹಾಕಿ, ಬರೀ ಥಂಬ್ಸ್ ಅಪ್ ಬೇಡ.