ಬುಟ್ಟಿ ಬಾರದ ಊರಿನಿಂದ

ಪ್ರೀತಿಯ ಗೆಳೆಯಾ,

ಮೂರು ದಿನದಿಂದ ನಿನಗೆ ಫೋನ್ ಮಾಡುತ್ತಿದ್ದೇನೆ, ಹತ್ತುತ್ತಿಲ್ಲ. ಪುನರ್ವಸು ಮಳೆ ಜೋರಾಗಿರಬೇಕು. ಕರೆಂಟ್ ಹೋದರೆ ನಮ್ಮ ಕಡೆ ಟವರ್ ಕೂಡ ಹೋದಂಗೇ, ಅಲ್ವಾ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನೀನು ಸಾಗರದ ಪೇಟೆಗೆ ಬಂದಾಗ ಮೊಬೈಲಿಗೆ ಬಂದು ಬೀಳುತ್ತದೆ. ನಟ್ಟಿ ಮುಗಿಯಿತಾ? ನಟ್ಟಿ ಹೊತ್ತಲ್ಲಿ ಗದ್ದೆ ನಿನ್ನ ಮೇಲೆ ಹಾಕಿ ಬಂದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದೇ ನೆನಪಾಗುತ್ತದೆ.

ಮೊದಲು ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅವ್ವ ಚಿತ್ತಾರ ಬರೆದು ಕೊಟ್ಟ ಭೂಮಣ್ಣಿ ಬುಟ್ಟಿ, ಅದೇ ಸೀಗೆ ಹುಣ್ಣಿಮೆಗೆ ಗದ್ದೆಗೆ ಎಡೆ ಹೊರುವ ಬುಟ್ಟಿ, ಇಲ್ಲಿನ ಜನಪದ ಕಲೆಯ ಸಂತೆಗೆ ಬರಲಿಲ್ಲ. ಅಮೆರಿಕದಲ್ಲಿ ಮೊದಲು ಇಳಿದ ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡರು. ಅಂಥದ್ದನ್ನೆಲ್ಲ ಸುಟ್ಟುಬಿಡುತ್ತಾರೆ. ಅವ್ವನಿಗೆ ಇನ್ನೂ ಹೇಳಿಲ್ಲ. ಹೊರಟ ಮೇಲೆ ಒಂದೇ ಸಲ ಫೋನ್ ಹತ್ತಿತ್ತು. "ಬುಟ್ಟಿ ಎಲ್ಲಿಟ್ಟಿದ್ದೀಯಾ, ನೆಲಕ್ಕೆ ಇಟ್ಟಿಲ್ಲ ತಾನೇ?" ಅಂತ ಕೇಳಿದಳು. ಇಲ್ಲ ಅವ್ವ ಅಂದೆ. ಅಷ್ಟರಲ್ಲಿ ಲೈನ್ ಕಟ್ ಆಯಿತು.

ಆ ಬುಟ್ಟಿ ಹೇಗಾಯಿತು ಅಂತ ನಿನಗೆ ಗೊತ್ತು. ಬಿದಿರಿನ ಬುಟ್ಟಿ ತಂದು ಕೊಟ್ಟವನೇ ನೀನು. ಸೀಗೆ ಹುಣ್ಣಿಮೆಗೆ ಇನ್ನೂ ಮೂರು ತಿಂಗಳಿರುವಾಗ ಬುಟ್ಟಿ ಬರೆಯೋದಾ ಅಂತ ಅವ್ವ ಎರಡು ದಿನ ಸುಮ್ಮನೆ ಕೂತಿದ್ದಳು. ಆಮೇಲೆ ಒಂದು ಬೆಳಿಗ್ಗೆ ತಾನೇ ಸೆಗಣಿ ಬಳಿದಳು. ಮಳೆಗಾಲದಲ್ಲಿ ಒಣಗಬೇಕಲ್ಲ, ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು. ಒಣಗಿದ ಮೇಲೆ ಕೆಮ್ಮಣ್ಣು, ಅದು ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಎಳೆ. ಕಣ್ಣು ಮಂಜಾದರೂ ಅವಳ ಪುಂಡಿ ನಾರಿನ ಕುಂಚ ಒಂದು ಕಡೆಯೂ ತಡವರಿಸಲಿಲ್ಲ. ಹೊರಡುವ ದಿನ "ಬರೀ ಬುಟ್ಟಿ ಹೊರಬಾರ್ದು ಕಣಾ" ಅಂತ ಒಂದು ಹಿಡಿ ಭತ್ತವನ್ನು ಬಟ್ಟೆ ಚೂರಲ್ಲಿ ಗಂಟು ಕಟ್ಟಿ ಒಳಗಿಟ್ಟಳು.

ನಮ್ಮ ಪ್ರಯಾಣದ ಕಾಗದಪತ್ರ ಮಾಡಿಸಿಕೊಟ್ಟವರು ಬುಟ್ಟಿಗೆ ಏನೂ ತೊಂದರೆ ಇಲ್ಲ, ಕರಕುಶಲ ವಸ್ತು ಅಂತ ಬರೆದರೆ ಸಾಕು ಅಂದಿದ್ದರು. ನಾನೂ ನಂಬಿದೆ. ಅಲ್ಲಿ ಅಧಿಕಾರಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದ. ಚೆನ್ನಾಗಿದೆ ಅಂದ. ಏನು ಬಳಿದಿದ್ದೀರಿ ಅಂತ ಕೇಳಿದ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಸೆಗಣಿ, ಮಣ್ಣು, ಅಕ್ಕಿ ಅಂದೆ. ಮೂರೂ ಆಗುವುದಿಲ್ಲವಂತೆ. ಮಣ್ಣು ತರಲು ಮೊದಲೇ ಪರವಾನಗಿ ಬೇಕು. ಅಕ್ಕಿಯಲ್ಲಿ, ಭತ್ತದಲ್ಲಿ ಖಾಪ್ರಾ ಎಂಬ ಕಾಳು ತಿನ್ನುವ ಹುಳ ಬರಬಹುದು. ಸೆಗಣಿಯಲ್ಲಿ ಕಾಲುಬಾಯಿ ಜ್ವರ ಬರಬಹುದು. 1929ರಿಂದ ಈಚೆಗೆ ಈ ದೇಶದ ದನಗಳಿಗೆ ಆ ಜ್ವರ ಬಂದಿಲ್ಲ.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ ಮಾರಾಯ. ನಮ್ಮ ಕೊಟ್ಟಿಗೆಗೆ ಕಾಲುಬಾಯಿ ಬಂದ ವರ್ಷ ನೆನಪಿದೆಯಲ್ಲ? ಬಾಯಿ ಹುಣ್ಣಾಗಿ ಜೊಲ್ಲು ಸುರಿಸುತ್ತಾ ನಿಂತ ಗೌರಿಗೆ ಗಂಜಿ ಕುಡಿಸಿದವರು ನಾವಿಬ್ಬರೇ. ಆ ಜ್ವರವನ್ನು ಹೊರಗಿಡುವವನು ತಪ್ಪು ಮಾಡುತ್ತಾನೆ ಅಂತ ಹೇಗೆ ಹೇಳಲಿ. ಆದರೆ ಅವನು ಭತ್ತದ ಗಂಟನ್ನು ಬಿಚ್ಚದೆ ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದಾಗ ಕಣ್ಣು ತುಂಬಿ ಬಂತು. ಕುಂಚಗಳನ್ನು ವಾಪಸ್ ಕೊಟ್ಟ. ಬೋರ್ಡಿಗೆ ಅಂಟಿಸಿದ ಬಟ್ಟೆಯ ಮೇಲೆ ಬರೆದ ಹನ್ನೆರಡು ಚಿತ್ತಾರಗಳನ್ನೂ ಬಿಟ್ಟ.

ಈಗ ಊರಿನ ವಿಷಯ. ಆಲ್ಬುಕರ್ಕಿ ಎಂಬಲ್ಲಿ ಇಳಿದು ಸುಮಾರು ನೂರು ಕಿಲೋಮೀಟರ್ ಬಸ್ಸಿನಲ್ಲಿ ಬಂದರೆ ಸಾಂಟಾ ಫೆ. ನಮ್ಮ ಕೊಡಚಾದ್ರಿಯ ತುದಿ 1343 ಮೀಟರ್, ಅಲ್ವಾ? ಈ ಊರು ಇರುವುದೇ 2100 ಮೀಟರಿಗಿಂತ ಮೇಲೆ. ಮೊದಲ ದಿನ ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಹಸಿರಿಲ್ಲ. ಇಲ್ಲಿ ವರ್ಷವಿಡೀ ಬೀಳುವ ಮಳೆ 350 ಮಿಲಿಮೀಟರ್ ಆಸುಪಾಸು. ಈ ತಿಂಗಳಲ್ಲಿ ಆಗುಂಬೆಗೆ ಅಷ್ಟು ಸುರಿಯಲು ನಾಲ್ಕೈದು ದಿನ ಸಾಕು.

ನನ್ನನ್ನು ಕರೆದಿರುವ ಜನಪದ ಕಲೆಯ ಸಂತೆ 2004ರಲ್ಲಿ ಶುರುವಾದದ್ದು, ಜುಲೈಯಲ್ಲಿ ನಡೆಯುತ್ತದೆ. ಎಲ್ಲೆಲ್ಲಿಂದಲೋ ಬಂದವರು. ನೇಯುವವರು, ಮಡಕೆಯವರು, ಬೆಳ್ಳಿ ಕೆಲಸದವರು. ಭಾಷೆ ಬಾರದಿದ್ದರೂ ಒಬ್ಬರ ಕೈ ಒಬ್ಬರು ನೋಡುತ್ತಾರೆ. ಕೈ ನೋಡಿದರೆ ಸಾಕು, ಯಾವ ಕೆಲಸದವರು ಅಂತ ಗೊತ್ತಾಗಿಬಿಡುತ್ತದೆ.

ಒಂದು ವಿಷಯಕ್ಕೆ ಮಾತ್ರ ನಾನು ಗಟ್ಟಿಯಾಗಿ ನಿಂತೆ. ಅಂಗಡಿಯ ಮುಂದೆ ಹಾಕುವ ಫಲಕದಲ್ಲಿ ನನ್ನ ಹೆಸರೊಂದೇ ಇತ್ತು. ಅವ್ವನ ಹೆಸರು ಮೊದಲು ಬರಬೇಕು, ನನ್ನದು ಆಮೇಲೆ ಅಂದೆ. ಅವರು ಬಂದಿಲ್ಲವಲ್ಲ ಅಂದರು. ಹನ್ನೆರಡರಲ್ಲಿ ಐದು ಅವಳೇ ಬರೆದದ್ದು, ಉಳಿದ ಏಳು ಅವಳು ಕಲಿಸಿದ್ದು ಅಂದೆ. ಒಂದು ಗಂಟೆಯಲ್ಲಿ ಹೊಸ ಫಲಕ ಮಾಡಿ ತಂದರು. ನಮ್ಮ ದೀವರ ಜನದ ಹೆಣ್ಣುಮಕ್ಕಳು ಎಷ್ಟು ತಲೆಮಾರು ಗೋಡೆ ಮೇಲೆ ಚಿತ್ತಾರ ಬರೆದರೋ, ಒಬ್ಬರಾದರೂ ಕೆಳಗೆ ಹೆಸರು ಹಾಕಿದ್ದಾರಾ? ಇಲ್ಲಿ 1953ರಲ್ಲಿ ಕಟ್ಟಿದ ಜನಪದ ಕಲೆಯ ಮ್ಯೂಸಿಯಂ ಇದೆ. ಗಿರಾರ್ಡ್ ಎಂಬವರು 1978ರಲ್ಲಿ ಕೊಟ್ಟ ವಸ್ತುಗಳೇ ಒಂದು ಲಕ್ಷಕ್ಕಿಂತ ಜಾಸ್ತಿ. ಅದರಲ್ಲಿ ನಮ್ಮ ದೇಶದ ಬೊಂಬೆಗಳೂ ಇವೆ. ಗೋಡೆಯಲ್ಲಿ ಚೀಟಿ ಹಾಕಿಲ್ಲ, ಸುಮ್ನೆ ಕಣ್ತುಂಬ ನೋಡಲಿ ಅಂತ. ನೋಡಿದೆ, ಬಹಳ ಚೆಂದ. ಆದರೆ ಮಾಡಿದವರು ಯಾರು, ಯಾರ ಅವ್ವ ಅಂತ ಹುಡುಕುತ್ತಲೇ ಇದ್ದೆ.

ಇನ್ನೊಂದು ಹೇಳಲೇಬೇಕು. ಈ ಊರೆಲ್ಲ ಮಣ್ಣಿನ ಬಣ್ಣ. ಹಳೇ ಪೇಟೆಯಲ್ಲಿ ಮನೆಗಳು ಮಣ್ಣಿನ ಮನೆಯ ರೂಪದಲ್ಲೇ ಇರಬೇಕು ಅಂತ 1957ರಿಂದ ಕಾನೂನೇ ಇದೆ. ಬಹಳಷ್ಟು ಕಡೆ ಮೇಲಿನ ಬಣ್ಣ ಮಾತ್ರ ಮಣ್ಣು, ಒಳಗೆ ಸಿಮೆಂಟ್. ಆದರೆ ನಿಜವಾದ ಮಣ್ಣಿಟ್ಟಿಗೆಯ ಮನೆಗಳೂ ಉಳಿದಿವೆ. ಮಣ್ಣಿಗೆ ಹುಲ್ಲು ಕಲಸಿ, ಬಿಸಿಲಿಗೆ ಒಣಗಿಸಿದ ಇಟ್ಟಿಗೆ. ಗೋಡೆಗೆ ಮಣ್ಣು ಮೆತ್ತುವುದು ಹಿಂದಿನಿಂದ ಹೆಂಗಸರ ಕೆಲಸವಂತೆ. ಸಂತೆಗೆ ಬಂದಿದ್ದ ಒಬ್ಬ ಅಜ್ಜಿ ಈಗಲೂ ಅದನ್ನೇ ಮಾಡುತ್ತಾಳೆ. ನಾನು ಗೋಡೆಯಿಲ್ಲದೆ ಹೇಗೆ ಬರೆಯಲಿ ಅಂತ ಪೇಚಾಡುತ್ತಿದ್ದುದು ಅವಳ ಕಿವಿಗೆ ಬಿತ್ತು. ಮಾರನೇ ದಿನ ಬಾಗಿಲಿನಷ್ಟು ದೊಡ್ಡ ಹಲಗೆಗೆ ಮಣ್ಣು ಮೆತ್ತಿ ತಂದು ನಿಲ್ಲಿಸಿದಳು. ಮೇಲೆ ತೆಳ್ಳಗೆ ಸೋಸಿದ ಮಣ್ಣು ಸಾರಿಸಿ, ಕುರಿಚರ್ಮದ ತುಂಡಿನಿಂದ ತಿಕ್ಕಿದ್ದಳು. ಆ ಮಣ್ಣಲ್ಲಿ ಅಭ್ರಕ ಇದೆ. ಬಿಸಿಲಿಗೆ ತಿರುಗಿಸಿದರೆ ಸಣ್ಣಗೆ ಮಿನುಗುತ್ತದೆ. ನಾನು ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು, ನಮ್ಮ ಜಗುಲಿ ಗೋಡೆಯ ಹಾಗೇ.

ಇಲ್ಲಿನ ಅಂಗಡಿಯ ಅಕ್ಕಿ ತಂದು ರಾತ್ರಿ ನೆನೆಸಿದೆ. ಒಂದು ಹಿಡಿಯನ್ನು ಬಾಣಲೆಯಲ್ಲಿ ಕಪ್ಪಾಗುವ ತನಕ ಹುರಿದು ಕರಿ ಮಾಡಿಕೊಂಡೆ. ಕೆಂಪಿಗೆ ಅಜ್ಜಿಯ ಮಣ್ಣೇ ಇತ್ತು. ಹಳದಿಗೆ ಗುರಿಗೆ ಕಾಯಿ ಇರಲಿಲ್ಲ. ಅಂಗಡಿಯ ಬಣ್ಣ ತರಲಾ ಅಂತ ಕೇಳಿದರು, ಬೇಡ ಅಂದೆ. ಹಳದಿಯ ಜಾಗ ಖಾಲಿ ಬಿಟ್ಟೆ. ಅಡಿಗೆರೆ ಹಾಕಿ ನಿಲಿಯ ಗೆರೆಗಳನ್ನು ಶುರು ಮಾಡಿದರೆ ಎಳೆ ಅರ್ಧಕ್ಕೇ ತುಂಡಾಗುತ್ತಿತ್ತು. ಗಾಳಿ ಅಷ್ಟು ಒಣ, ಕುಂಚದ ತುದಿಯಲ್ಲೇ ಹಿಟ್ಟು ಒಣಗಿ ಹೋಗುತ್ತದೆ. ನಮ್ಮಲ್ಲಿ ಮಳೆಗಾಲದಲ್ಲಿ ಬರೆದ ಎಳೆ ಸಂಜೆ ತನಕ ಹಸಿ ಇರುತ್ತದಲ್ಲ! ಹಿಟ್ಟನ್ನು ನೀರು ಮಾಡಿಕೊಂಡೆ. ಆಗ ಗೋಡೆ ಹೀರಿಬಿಡುತ್ತದೆ, ಬಿಳಿ ಕಾಣುವುದಿಲ್ಲ. ಕೊನೆಗೆ ಅಜ್ಜಿ ಒದ್ದೆ ಬಟ್ಟೆ ಹಿಡಿದು ಪಕ್ಕಕ್ಕೆ ನಿಂತಳು. ನಾನು ಬರೆಯುವ ಮುಂದೆ ಮುಂದೆ ಗೋಡೆಯನ್ನು ತೇವ ಮಾಡುತ್ತಾ ಹೋದಳು. ಒಂದು ಮಾತಿಲ್ಲ. ಚಿತ್ತಾರದ ಮೇಲ್ತುದಿಯ ಬಾಸಿಂಗದ ತನಕ ಹಾಗೇ ಬರೆದೆವು. ಅವ್ವ ಮದುವೆ ಮನೆಯ ಹಸೆ ಚಿತ್ತಾರ ಬರೆಯುವಾಗ ಪಕ್ಕದ ಮನೆ ದೊಡ್ಡಮ್ಮ ಹಾಡು ಹೇಳುತ್ತಾ ಹೀಗೇ ನಿಂತಿರುತ್ತಿದ್ದಳು.

ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಇದು ಎಷ್ಟು ವರ್ಷ ಬಾಳಿಕೆ ಬರುತ್ತದೆ? ಬೆಂಗಳೂರಿನಲ್ಲೂ ಅದೇ ಕೇಳುತ್ತಾರೆ. ಅಲ್ಲಿ ನಾನು ತಡವರಿಸುತ್ತಿದ್ದೆ. ಇಲ್ಲಿ ಅಜ್ಜಿಯೇ ಉತ್ತರ ಕೊಟ್ಟಳು. ಇಲ್ಲಿಂದ ಉತ್ತರಕ್ಕೆ ರಾಂಚೋಸ್ ಡೆ ಟಾವೋಸ್ ಅಂತ ಊರಿದೆ. ಅಲ್ಲಿನ ಹಳೇ ಮಣ್ಣಿನ ಚರ್ಚಿಗೆ ಊರವರೇ ಸೇರಿ ಪ್ರತಿ ಬೇಸಿಗೆ ಮಣ್ಣು ಮೆತ್ತುತ್ತಾರೆ. ವರ್ಷ ವರ್ಷ ಯಾಕೆ ಕಷ್ಟ ಅಂತ 1967ರಲ್ಲಿ ಸಿಮೆಂಟ್ ಹಾಕಿಸಿದರು. ಒಳಗೆ ನೀರು ಕೂತು ಗೋಡೆ ಕರಗತೊಡಗಿತು. 1979ರಲ್ಲಿ ಅದನ್ನೆಲ್ಲ ಕಿತ್ತು ಮತ್ತೆ ಮಣ್ಣಿಗೇ ಬಂದರು. ಇದನ್ನು ಕೇಳಿದಾಗ ನನಗೆ ನಮ್ಮ ಕೇರಿ ಕಣ್ಣ ಮುಂದೆ ಬಂತು. ನಾವೆಲ್ಲ ಸಿಮೆಂಟ್ ಹಾಕಿಸಿ ಪೇಂಟ್ ಹೊಡೆಸಿದೆವು. ಚಿತ್ತಾರ ಗೋಡೆಯಿಂದ ಇಳಿದು ಫ್ರೇಮಿಗೆ ಬಂದದ್ದು ಆಮೇಲೆ. ನಾನು ಫ್ರೇಮಿನಲ್ಲೇ ಹೊಟ್ಟೆ ಹೊರೆಯುವವನು, ಅದನ್ನು ಕೀಳಾಗಿ ಕಾಣುವುದಿಲ್ಲ. ಆದರೆ ಹನ್ನೆರಡೂ ಮಾರಿಹೋದ ದಿನಕ್ಕಿಂತ ಆ ಹಲಗೆಯ ಮುಂದೆ ನಿಂತ ದಿನ ನನಗೆ ಜಾಸ್ತಿ ಖುಷಿಯಾಯಿತು.

ಬರುವ ಸೋಮವಾರ ಹೊರಡುತ್ತೇನೆ. ಬೆಂಗಳೂರಿನಿಂದ ತಾಳಗುಪ್ಪ ರೈಲಿಗೆ ಬರುತ್ತೇನೆ, ಸ್ಟೇಷನ್ನಿಗೆ ಬಾ.

ನೀನು ಮನೆಗೆ ಹೋಗಿ ಅವ್ವನಿಗೆ ಬುಟ್ಟಿ ವಿಷಯ ಹೇಳು. ಸುತ್ತಿ ಬಳಸಿ ಹೇಳಬೇಡ, ಅವಳಿಗೆ ಗೊತ್ತಾಗಿಬಿಡುತ್ತದೆ. ಭತ್ತದ ಗಂಟು ಬಿಚ್ಚಲಿಲ್ಲ ಅನ್ನುವುದನ್ನು ಮರೆಯದೆ ಹೇಳು. ಹೊತ್ತಲ್ಲದ ಹೊತ್ತಲ್ಲಿ ಬರೆಸಿದ್ದಕ್ಕೆ ಏನಾದರೂ ಮಾಡಬೇಕಾ, ಗದ್ದೆ ಬದುವಿನಲ್ಲಿ ಎಡೆ ಇಡಬೇಕಾ ಅಂತ ಕೇಳಿಕೋ. ಹುಣ್ಣಿಮೆಗೆ ಎರಡು ಬುಟ್ಟಿ ಬೇಕು, ದೊಡ್ಡದೊಂದು, ಗದ್ದೆಗೆ ಬೀರುವ ಹಚ್ಚಂಬಲಿಗೆ ಸಣ್ಣದೊಂದು. ಬಿದಿರಿನವರಿಗೆ ಈಗಲೇ ಹೇಳಿಡು. ಮತ್ತೆ ಆ ಜಗುಲಿಯ ಬಲಗಡೆ ಗೋಡೆ ಇದೆಯಲ್ಲ, ಅದಕ್ಕೆ ಸಿಮೆಂಟ್ ಹಾಕಲು ಮೇಸ್ತ್ರಿ ಬಂದರೆ ನಾನು ಬರುವ ತನಕ ಮುಟ್ಟಬೇಡ ಅನ್ನು.

ಇಂತಿ ನಿನ್ನ ಗೆಳೆಯ