ಓದಿದ್ದು ಕೈಗೆ ಇಳಿಯಬೇಕು

ವಿಜಯಪುರ

ಪ್ರೀತಿಯ ತಂಗಿಗೆ,

ಅಭ್ಯಾಸದ ಬಗ್ಗೆ ನೀನು ಬರೆದ ಲೇಖನ ತಲುಪಿತು. ಪತಂಜಲಿಯ ಯೋಗಸೂತ್ರವನ್ನು ನೀನು ಶ್ರದ್ಧೆಯಿಂದ ಓದಿದ್ದೀಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೊತೆಗಿಟ್ಟ ಚೀಟಿಯಲ್ಲಿ "ಅಕ್ಕಾ, ಎಲ್ಲಾ ಗೊತ್ತದ, ಬರಿಯಾಕ ಕುಂತ್ರ ಒಂದೂ ಕೈಗೆ ಬರೂದಿಲ್ಲ" ಅಂದಿದ್ದೀಯಲ್ಲ, ಲೇಖನಕ್ಕಿಂತ ಆ ಸಾಲೇ ನನ್ನನ್ನು ಹಿಡಿದು ನಿಲ್ಲಿಸಿತು.

ಉತ್ತರ ನೀನೇ ಉದ್ಧರಿಸಿದ ಸೂತ್ರದಲ್ಲಿದೆ. ಬಹಳ ಕಾಲ, ನಡುವೆ ಬಿಡದೆ, ಆದರದಿಂದ ಮಾಡಿದ ಅಭ್ಯಾಸ ದೃಢಭೂಮಿ, ಅಂದರೆ ಗಟ್ಟಿ ನೆಲ, ಆಗುತ್ತದೆ ಎನ್ನುತ್ತಾನೆ ಪತಂಜಲಿ, ಮೊದಲ ಅಧ್ಯಾಯವಾದ ಸಮಾಧಿಪಾದದ 14ನೆಯ ಸೂತ್ರದಲ್ಲಿ. ಯೋಗಸೂತ್ರದ ಹಳೆಯ ವಿವರಣೆಯಾದ ವ್ಯಾಸಭಾಷ್ಯ ಅದಕ್ಕೊಂದು ಪರೀಕ್ಷೆಯನ್ನೂ ಇಟ್ಟಿದೆ: ಹೊರಕ್ಕೆ ಎಳೆಯುವ ಹಳೆಯ ಸಂಸ್ಕಾರಗಳಿಗೆ, ಅಂದರೆ ಮನಸ್ಸಿನಲ್ಲಿ ಉಳಿದ ಅಚ್ಚುಗಳಿಗೆ, ಆ ಅಭ್ಯಾಸ ಥಟ್ಟನೆ ಸೋಲಬಾರದು. ಇದನ್ನು ಬರವಣಿಗೆಗೆ ಹಚ್ಚಿ ನೋಡು. ಉಪದೇಶ ಬೇಡ, ಕಂಡದ್ದನ್ನು ಹೇಳಬೇಕು ಎಂಬುದು ನಿನಗೆ ಚೆನ್ನಾಗಿ ಗೊತ್ತು. ಮನಸ್ಸು ನಿರಾಳವಾಗಿದ್ದಾಗ ಹಾಗೆಯೇ ಬರೆಯುತ್ತೀಯ. ಸಂಪಾದಕರು ನಾಳೆಯೇ ಬೇಕು ಅಂದರೆ ಮಾತ್ರ ಭಾಷಣ ಸ್ಪರ್ಧೆಯಲ್ಲಿ ಕಲಿತ ಆ ದೊಡ್ಡ ದನಿ ಕೇಳದೆಯೇ ಬಂದು ಕೂರುತ್ತದೆ. ಅದೂ ಅಭ್ಯಾಸದ ಫಲವೇ. ಮನಸ್ಸಿನಲ್ಲಿ ಏಳುವ ವೃತ್ತಿಯಿಂದ ಸಂಸ್ಕಾರ, ಸಂಸ್ಕಾರದಿಂದ ಮತ್ತೆ ವೃತ್ತಿ; ಈ ಚಕ್ರ ಹಗಲಿರುಳು ತಿರುಗುತ್ತದೆ ಎನ್ನುತ್ತದೆ ಭಾಷ್ಯ. ಬರೀ ತಿಳಿವಳಿಕೆ ಅದನ್ನು ತಡೆಯಲಾರದು. ಹಳೆಯ ಸಂಸ್ಕಾರಕ್ಕೆ ಅಡ್ಡ ನಿಲ್ಲಲು ಹೊಸ ಸಂಸ್ಕಾರವೇ ಬೇಕು.

ಗುಳೇದಗುಡ್ಡದ ನಿಮ್ಮ ಮನೆಗೆ ಬಂದಾಗ ನಿಮ್ಮ ಅಪ್ಪಾರು ಖಣ ನೇಯುವುದನ್ನು ನೋಡುತ್ತ ಕೂತಿದ್ದೆ. ಮಳೆ ಕೈಕೊಟ್ಟದ್ದರ ಮಾತು ನಡೆದಿತ್ತು. ಹಾಸಿನ ಒಂದು ಎಳೆ ಹರಿಯಿತು. ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ. ಲಾಳಿ ನಿಂತಿತು, ಅವರ ಬೆರಳು ನೂರಾರು ಎಳೆಗಳ ನಡುವೆ ಹೋಗಿ ಹರಿದ ತುದಿಯನ್ನು ಎತ್ತಿತು, ತುಂಡು ದಾರ ಸೇರಿಸಿ ಹೊಸೆಯಿತು. ಮಳೆಯ ಮಾತು ಮಾತ್ರ ನಿಲ್ಲಲಿಲ್ಲ. ಹರಿದದ್ದು ಹೇಗೆ ಗೊತ್ತಾಯಿತು ಎಂದು ಕೇಳಿದರೆ "ಕೈಗೇ ತಿಳೀತದವ್ವಾ" ಅಂದರು. ಒಂದೆಳೆ ಹೋದರೆ ಕೊಳ್ಳುವವರಿಗೆ ಬಹುಶಃ ಕಾಣುತ್ತಿರಲಿಲ್ಲ. ಆದರೂ ಅವರಿಂದ ಬಿಟ್ಟು ಮುಂದೆ ಹೋಗಲಾಗಲಿಲ್ಲ. ಪತಂಜಲಿ ಹೇಳುವ ಆದರ ಇದೇ ಎಂದು ನಾನು ನಂಬಿದ್ದೇನೆ. ಅಭ್ಯಾಸದ ಬಗ್ಗೆ ಅಷ್ಟು ಪುಟ ಬರೆದ ನೀನು ಆ ಮಗ್ಗದ ಬಗ್ಗೆ ಒಂದು ಸಾಲೂ ಬರೆಯಲಿಲ್ಲವಲ್ಲ ಎಂದು ಬೇಸರವಾಯಿತು.

21 ದಿನ ಮಾಡಿದರೆ ಯಾವುದೂ ರೂಢಿಯಾಗುತ್ತದೆ ಎಂದು ಬರೆದಿದ್ದೀಯ. ಅದನ್ನು ತೆಗೆದುಹಾಕು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ, ನೀರು, ವ್ಯಾಯಾಮದಂಥ ಸಣ್ಣ ರೂಢಿಗಳು ತಾನೇ ತಾನಾಗಿ ನಡೆಯುವ ಮಟ್ಟ ಮುಟ್ಟಲು ಸುಮಾರು 66 ದಿನ ಬೇಕಾದವು. ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ: 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲ ಎಂಬುದನ್ನೂ ಅವರು ಕಂಡರು. ಒಂದು ದಿನ ತಪ್ಪಿತೆಂದು ವಾರಗಟ್ಟಲೆ ನೋಟುಬುಕ್ಕು ಮುಚ್ಚಿಡುತ್ತೀಯಲ್ಲ, ಅದಕ್ಕೇ ಇದನ್ನು ಹೇಳಿದೆ. ಮರುದಿನ ಸುಮ್ಮನೆ ಕೂತು ಬರೆ.

ಅಭ್ಯಾಸದ ಜೊತೆಗೆ ವೈರಾಗ್ಯವನ್ನೂ ಪತಂಜಲಿ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ನೀನು ಅದನ್ನು ಬಿಟ್ಟಿದ್ದೀಯ. ಇಲ್ಲಿಯ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಅಂಗಿಗೆ ಜೇಬು ಇರಲಿಲ್ಲ. ಅಪರಿಗ್ರಹವನ್ನು, ಅಂದರೆ ಏನನ್ನೂ ಕೂಡಿಡದೆ ಇರುವುದನ್ನು, ಅವರು ಪ್ರವಚನದಲ್ಲಿ ವಿವರಿಸುವ ಮೊದಲೇ ಆ ಅಂಗಿಯಲ್ಲಿ ಜನ ಅದನ್ನು ನೋಡುತ್ತಿದ್ದರು. 2018ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ವಿನಯದಿಂದ ಬೇಡ ಅಂದರು. 2023ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ, ಅವರ ಇಚ್ಛೆಯಂತೆಯೇ ಸಮಾಧಿ ಕಟ್ಟಲಿಲ್ಲ. ಅಷ್ಟು ದೂರ ನಮ್ಮಂಥವರು ಹೋಗಲಾರೆವು. ನಮ್ಮ ಪಾಲಿಗೆ ಬರುವ ವೈರಾಗ್ಯ ಸಣ್ಣದು: ಚಪ್ಪಾಳೆಗೆಂದೇ ಬರೆದ ಸಾಲು ಯಾವುದು ಎಂದು ನಮಗೆ ಗೊತ್ತಿರುತ್ತದೆ, ಅದನ್ನು ಹೊಡೆದುಹಾಕುವುದು. ನಿನ್ನ ಲೇಖನದ ಕೊನೆಯ ಪ್ಯಾರಾ ಪೂರ್ತಿ ಅಂಥದ್ದೇ.

ಈಗ ಮಾಡಬೇಕಾದದ್ದು. ಹತ್ತು ನಿಯಮ ಬೇಡ, ಒಂದನ್ನೇ ಹಿಡಿ. ಮುಂಜಾನೆ ಚಹಾ ಆದ ಕೂಡಲೇ, ಮೊಬೈಲ್ ಮುಟ್ಟುವ ಮೊದಲು, ನಿನ್ನೆ ಕಣ್ಣಾರೆ ಕಂಡ ಒಂದು ಕೆಲಸವನ್ನು ಹತ್ತು ಸಾಲಿನಲ್ಲಿ ಬರೆ. ಯಾರು, ಯಾವ ಕೈಯಿಂದ, ಮೊದಲು ಏನು, ಆಮೇಲೆ ಏನು, ಅಷ್ಟೇ. ಅಭಿಪ್ರಾಯ ನುಸುಳಿದರೆ ಗೆರೆ ಎಳೆ. ಮೊದಮೊದಲು ಬೇಸರ ಬಂದೇ ಬರುತ್ತದೆ, ಬರಲಿ. ಗಡಿಬಿಡಿಯಲ್ಲಿ ಬರೆದ ದಿನವೂ ಆ ದೊಡ್ಡ ದನಿ ಬರಲಿಲ್ಲವೆಂದರೆ ಭೂಮಿ ಗಟ್ಟಿಯಾಗುತ್ತಿದೆ ಎಂದು ತಿಳಿ.

ಯುಗಾದಿಯ ಹೊತ್ತಿಗೆ ಆ ನೋಟುಬುಕ್ಕು ಕಳಿಸು. ಗೆರೆ ಎಳೆದ ಪುಟಗಳನ್ನು ಹರಿಯಬೇಡ, ಅವನ್ನೇ ನಾನು ಮೊದಲು ನೋಡುತ್ತೇನೆ.

ನಿನ್ನ
ಅಕ್ಕ